ನೀರಗಂಟಿ ಯಾವುದಕ್ಕೆ ಹೆದರುವುದಿಲ್ಲ: ಭಯದ ಕಥೆಯ ಪಾತ್ರಕ್ಕಾಗಿ ಸಂಶೋಧನೆ ಮಾಡುವ ಬಗೆ

ದೆವ್ವದ ಕಥೆ ಬರೆಯಲು ಕುಳಿತವರು ಸಾಮಾನ್ಯವಾಗಿ ಮೊದಲು ದೆವ್ವವನ್ನು ಹುಡುಕುತ್ತಾರೆ. ಅದರ ಬಿಚ್ಚಿದ ಕೂದಲು, ತಿರುಗಿದ ಪಾದ, ಅದು ಬರುವ ಹೊತ್ತು, ಬರುವ ಮುನ್ನ ಹರಡುವ ವಾಸನೆ ಎಲ್ಲವೂ ಟಿಪ್ಪಣಿ ಪುಸ್ತಕ ಸೇರಿದ ಮೇಲೆ, ಅದನ್ನು ನೋಡಿ ಕಿರುಚಲು ಒಬ್ಬ ಮನುಷ್ಯನೂ ಬೇಕಲ್ಲ ಎಂಬುದು ನೆನಪಾಗಿ, ಊರು ಮನೆ ಸಾಲ ಸಂಬಳ ಯಾವುದೂ ಇಲ್ಲದ ಒಬ್ಬ ಯುವಕನನ್ನು ಅಮಾವಾಸ್ಯೆಯ ರಾತ್ರಿ ಪಾಳು ಬಂಗಲೆಗೆ ಕಳುಹಿಸಿಬಿಡುತ್ತಾರೆ. ಅವನು ಸತ್ತರೂ ಓದುಗನಿಗೆ ಏನೂ ಅನ್ನಿಸುವುದಿಲ್ಲ, ಏಕೆಂದರೆ ಅವನು ಬದುಕಿದ್ದ ಎಂಬುದಕ್ಕೇ ಕಥೆಯಲ್ಲಿ ಪುರಾವೆ ಇರುವುದಿಲ್ಲ.

ನಾನು ಇಲ್ಲಿ ಸೂಚಿಸುವ ದಾರಿ ಇದಕ್ಕೆ ತಿರುಗುಮುರುಗಾದದ್ದು. ಮೊದಲು ಮನುಷ್ಯನ ಕಸುಬನ್ನು ಹಿಡಿಯಬೇಕು. ಆ ಕಸುಬಿನ ದೆಸೆಯಿಂದ ಅವನು ಯಾವುದಕ್ಕೆ ಹೆದರುವುದಿಲ್ಲ ಎಂಬುದನ್ನು ಕಂಡುಕೊಳ್ಳಬೇಕು. ಶವಾಗಾರದಲ್ಲಿ ಕೆಲಸ ಮಾಡುವವನು ಹೆಣಕ್ಕೆ ಬೆಚ್ಚುವುದಿಲ್ಲ; ಸತ್ತ ಕೆಲವೇ ತಾಸುಗಳಲ್ಲಿ ದವಡೆ, ಕತ್ತು ಮೊದಲಾಗಿ ದೇಹ ಸೆಟೆಯುವುದೂ, ನಮ್ಮ ಸೆಕೆಯಲ್ಲಿ ಆ ಬಿಗಿ ಬೇಗನೆ ಸಡಿಲುವುದೂ ಅವನಿಗೆ ದಿನನಿತ್ಯದ ಸಂಗತಿ. ಸೆಟೆದು ಸಡಿಲಬೇಕಾದ ಹೆಣವೊಂದು ಮೂರನೆಯ ದಿನವೂ ಸೆಟೆಯದೆ, ಮಲಗಿದವರ ಕೈಯಂತೆ ಮೆತ್ತಗೇ ಉಳಿದರೆ ಮಾತ್ರ ಅವನ ಬೆನ್ನಹುರಿ ತಣ್ಣಗಾಗುತ್ತದೆ. ಸಾಮಾನ್ಯರು ಗಮನಿಸದೇ ಹೋಗುವ ವ್ಯತ್ಯಾಸ ಕಸುಬುದಾರನ ಕಣ್ಣಿಗೆ ಬೀಳುತ್ತದೆ. ಸಂಶೋಧನೆ ಎಂದು ನಾನು ಕರೆಯುವುದರ ಬಹುಭಾಗ ಈ ವ್ಯತ್ಯಾಸದ ಹುಡುಕಾಟ.

ಮಾತು ಗಾಳಿಯಲ್ಲಿ ಉಳಿಯಬಾರದೆಂದು ಒಂದು ಪಾತ್ರವನ್ನು ಇಲ್ಲಿಯೇ ಕಟ್ಟುತ್ತಾ ಹೋಗುತ್ತೇನೆ. ಅವನ ಹೆಸರು ಮುನಿವೆಂಕಟಪ್ಪ, ವಯಸ್ಸು 62, ಕೋಲಾರ ಜಿಲ್ಲೆಯ ಒಂದು ಕಲ್ಪಿತ ಹಳ್ಳಿಯ ಕೆರೆಯ ನೀರಗಂಟಿ. ಕಥೆ ನಡೆಯುವುದು 2019ರಲ್ಲಿ.

ಕಸುಬು ಮತ್ತು ಇಸವಿ

ನೀರಗಂಟಿ ಎಂದರೆ ಕೆರೆಯ ತೂಬನ್ನು, ಅಂದರೆ ನೀರು ಬಿಡುವ ಕಂಡಿಯ ಬಿರಡೆಯನ್ನು, ಎತ್ತಿ ಇಳಿಸಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಹಾಯಿಸುವವನು. ತಳವಾರ, ತೋಟಿಗಳಂತೆ ಇವನೂ ಊರಿನ ಆಯಗಾರ. ಸುಗ್ಗಿಯಲ್ಲಿ ಕಣದಿಂದ ಆಯ, ಅಂದರೆ ಧಾನ್ಯದ ಪಾಲು, ಪಡೆಯುತ್ತಿದ್ದವನು, ಹಲವೆಡೆ ಈ ಕೆಲಸಕ್ಕೆಂದು ಬಿಟ್ಟ ಇನಾಮು ಜಮೀನನ್ನೂ ಅನುಭವಿಸುತ್ತಿದ್ದವನು. ಗ್ರಾಮ ಹುದ್ದೆಗಳನ್ನು ರದ್ದುಗೊಳಿಸುವ ಕಾಯ್ದೆ 1961ರಲ್ಲಿ ಬಂದದ್ದರಿಂದ, 1957ರಲ್ಲಿ ಹುಟ್ಟಿದ ನಮ್ಮ ಮುನಿವೆಂಕಟಪ್ಪನು ಕಾಗದದ ಮೇಲೆ ನೀರಗಂಟಿ ಆಗಿದ್ದೇ ಇಲ್ಲ. ಅಪ್ಪನ ಹಿಂದೆ ಏರಿಯ ಮೇಲೆ ನಡೆದು ಕಲಿತ ಕೆಲಸವನ್ನು ಊರು ಅವನಿಂದ ಮಾಡಿಸಿಕೊಂಡಿತು, ಅಷ್ಟೆ. ಕಾಯ್ದೆಯ ಇಸವಿಯನ್ನೂ ಪಾತ್ರದ ಹುಟ್ಟಿದ ಇಸವಿಯನ್ನೂ ಅಕ್ಕಪಕ್ಕ ಬರೆದಾಗ ಕಥೆಯ ಒಂದು ನೋವು ತಾನಾಗಿ ಸಿಕ್ಕಿತು; ಅದನ್ನು ನಾನು ಕಲ್ಪಿಸಬೇಕಾಗಲಿಲ್ಲ. ಪಾತ್ರದ ವಂಶವನ್ನು ಮೂರು ತಲೆಮಾರು ಹಿಂದಕ್ಕೆ ಬರೆದು, ಪ್ರತಿಯೊಬ್ಬರ ಹುಟ್ಟು, ಮದುವೆ, ಸಾವುಗಳ ಎದುರಿಗೆ ಆ ವರ್ಷ ಊರಿನಲ್ಲಿ ನಡೆದದ್ದನ್ನು ಗುರುತಿಸುವ ಅಭ್ಯಾಸವನ್ನು ಎಲ್ಲ ಲೇಖಕರಿಗೂ ಶಿಫಾರಸು ಮಾಡುತ್ತೇನೆ. ಮುತ್ತಾತನ ಕಾಲಕ್ಕೆ ಹೋದರೆ 1876ರಿಂದ 78ರವರೆಗಿನ ಧಾತು ಈಶ್ವರ ಬರ ಎದುರಾಗುತ್ತದೆ. ಮೈಸೂರು ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಪಾಲನ್ನು ನುಂಗಿದ ಆ ಬರದಲ್ಲಿ ಒಂದು ಕುಟುಂಬ ಉಳಿದುಕೊಂಡದ್ದು ಹೇಗೆ ಎಂಬ ಪ್ರಶ್ನೆಗೆ ಬರುವ ಉತ್ತರಗಳಲ್ಲಿ ಕೆಲವು ಹೊರಗೆ ಹೇಳುವಂಥವಾಗಿರುವುದಿಲ್ಲ. ಭಯದ ಕಥೆಗೆ ಬೇಕಾದ ಮನೆತನದ ಗುಟ್ಟು ಇಂಥ ಜಾಗದಲ್ಲಿ ಹುಟ್ಟಿದರೆ ಗಟ್ಟಿಯಾಗಿ ನಿಲ್ಲುತ್ತದೆ.

ಈಗ 2019 ಏಕೆ? ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಕೋಲಾರದ ಒಣಗಿದ ಕೆರೆಗಳಿಗೆ ಪೈಪಿನಲ್ಲಿ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಜಿಲ್ಲೆಗೆ ಬರತೊಡಗಿದ್ದು 2018ರಲ್ಲಿ. ಸಾವಿರ ಅಡಿ ದಾಟಿದರೂ ಬೋರ್‌ವೆಲ್ಲಿನಲ್ಲಿ ನೀರು ಕಾಣದ ಸೀಮೆಯಲ್ಲಿ, ಜಾಲಿ ಬೆಳೆದು ಮೈದಾನದಂತಾಗಿದ್ದ ಕೆರೆ ಮಳೆಯಿಲ್ಲದೆಯೇ ತುಂಬುವುದನ್ನು ನೀರಗಂಟಿಯ ಕಣ್ಣಿನಿಂದ ನೋಡಿ. ಮೋಡ ಕಟ್ಟಲಿಲ್ಲ, ರಾಜಕಾಲುವೆಯಲ್ಲಿ ಕೆಂಪು ನೀರು ನುಗ್ಗಲಿಲ್ಲ, ಕಪ್ಪೆ ಕೂಗಲಿಲ್ಲ. ಒಂದು ಬೆಳಿಗ್ಗೆ ತೂಬಿನ ಕಂಬದ ಬುಡ ಮುಳುಗಿದೆ. ಇನ್ನೂ ಮುಖ್ಯವಾದ ಸಂಗತಿಯೊಂದಿದೆ: ಈ ನೀರು ಅಂತರ್ಜಲ ಮರುಪೂರಣಕ್ಕೆಂದು ಬಂದದ್ದು, ಕೆರೆಯಿಂದ ನೇರವಾಗಿ ಬೆಳೆಗೆ ಹಾಯಿಸಿಕೊಳ್ಳುವಂತಿಲ್ಲ. ಅಂದರೆ ಜೀವಮಾನವೆಲ್ಲ ಕಾದ ಮೇಲೆ ಕೆರೆ ತುಂಬಿದೆ, ಆದರೆ ತೂಬು ಎತ್ತುವಂತಿಲ್ಲ. ಪಾತ್ರಕ್ಕೆ ಒಂದು ತೀವ್ರವಾದ ಆಸೆ ಇರಬೇಕು ಎಂದು ಕಥನ ಕಲೆಯ ಪಾಠಗಳು ಹೇಳುತ್ತವೆ. ಆ ಆಸೆಯನ್ನು ಕೂತಲ್ಲಿಯೇ ಹೆಣೆಯುವುದಕ್ಕಿಂತ ಒಂದು ಸರಕಾರಿ ನಿಬಂಧನೆಯಲ್ಲಿ ಕಂಡುಕೊಳ್ಳುವುದು ಎಷ್ಟೋ ವಾಸಿ. ಸಾಯುವ ಮುನ್ನ ಒಮ್ಮೆ ತೂಬು ಎತ್ತಬೇಕು ಎಂಬುದು ಮುನಿವೆಂಕಟಪ್ಪನ ಆಸೆ. ರಾತ್ರಿ ಕೆರೆಯೊಳಗಿನಿಂದ ಕರೆಯುವ ದನಿಯೂ ಅದನ್ನೇ ಕೇಳುತ್ತದೆ.

ಭಯದ ಕಥೆಗಳಲ್ಲಿ ಓದುಗರು ಪದೇಪದೇ ಎತ್ತುವ ಆಕ್ಷೇಪವೊಂದಿದೆ: ಇವನು ಆ ಹೊತ್ತಿನಲ್ಲಿ ಅಲ್ಲಿಗೆ ಯಾಕೆ ಹೋದ? ಧೈರ್ಯ ಪರೀಕ್ಷೆ, ಪಂದ್ಯ, ಕುತೂಹಲ ಇವೆಲ್ಲ ಬಳಸಿ ಬಳಸಿ ಸವೆದ ಕಾರಣಗಳು. ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಕರೆಂಟು ಕೊಡುವ ಗಂಟೆಗಳು ಎಷ್ಟೋ ಸಲ ರಾತ್ರಿ ಬೀಳುತ್ತವೆ ಎಂಬುದು ನಮ್ಮ ರೈತರೆಲ್ಲರಿಗೂ ಗೊತ್ತು. ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದು ಒಬ್ಬನೇ ಹೊಲಕ್ಕೆ ಹೋಗಿ ಮೋಟಾರು ಹಾಕುವ ಮನುಷ್ಯನನ್ನು ಯಾವ ಓದುಗನೂ ಪ್ರಶ್ನಿಸುವುದಿಲ್ಲ, ಮಾರನೆಯ ರಾತ್ರಿ ಅವನು ಮತ್ತೆ ಹೋಗುವುದನ್ನೂ ಪ್ರಶ್ನಿಸುವುದಿಲ್ಲ, ಬೆಳೆ ಒಣಗುತ್ತಿದೆ. ಅಪಾಯದ ಕಡೆಗೆ ಪಾತ್ರ ಇಡುವ ಪ್ರತಿ ಹೆಜ್ಜೆಗೂ ಇಂಥದೊಂದು ಸಾದಾ ಕಾರಣ ಸಿಗುವವರೆಗೆ ಹುಡುಕಾಟ ನಿಲ್ಲಿಸಬಾರದು.

ದೇಹ ಹೇಳುವ ಸಾಕ್ಷ್ಯ

ಕೋಲಾರದ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲಿನ ಮೇಲಿನ ಗಟ್ಟಿ ಪದರ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಅಂಥ ನೀರು ಕುಡಿದ ಮಕ್ಕಳ ಶಾಶ್ವತ ಹಲ್ಲುಗಳಲ್ಲಿ ಕಂದು ಕಲೆ ಉಳಿಯುತ್ತದೆ; ದೊಡ್ಡವರಾದ ಮೇಲೆ ಕುಡಿದರೆ ಹಲ್ಲಿಗೆ ಆ ಕಲೆ ಬರುವುದಿಲ್ಲ. ನಾನು ಇದನ್ನು ಓದುವವರೆಗೆ ಊರಿನವರಿಗೆಲ್ಲ ಒಂದೇ ಬಗೆಯ ಕಂದು ಹಲ್ಲು ಬರೆಯುವ ಯೋಚನೆಯಲ್ಲಿದ್ದೆ. ತೆರೆದ ಬಾವಿಯ ನೀರು ಕುಡಿದು ಬೆಳೆದ ಮುನಿವೆಂಕಟಪ್ಪನ ಹಲ್ಲು ಅರವತ್ತರಲ್ಲೂ ಬಿಳಿ, ಬೋರ್‌ವೆಲ್ ನೀರು ಕುಡಿದು ಬೆಳೆದ ಅವನ ಮಗನ ಹಲ್ಲು ಇಪ್ಪತ್ತೆಂಟರಲ್ಲೇ ಕಂದು ಎಂದಾಗ ಒಂದೇ ಮನೆಯಲ್ಲಿ ಎರಡು ಕಾಲ ಎದುರುಬದುರು ಕೂತು ಮುದ್ದೆ ಉಣ್ಣುವುದು ಕಾಣಿಸಿತು. ಆಮೇಲೆ ಹೊಳೆದದ್ದು ಇನ್ನೂ ಹೆಚ್ಚಿನದು. ಕೆರೆಯ ಏರಿಯ ಮೇಲೆ ಮುಸ್ಸಂಜೆ ಒಬ್ಬ ಹತ್ತು ವರ್ಷದ ಹುಡುಗಿ ಎದುರಾಗಿ ನಗುತ್ತಾಳೆ. ಊರಿನ ಮಕ್ಕಳನ್ನೆಲ್ಲ ಬಲ್ಲ ಮುನಿವೆಂಕಟಪ್ಪನಿಗೆ ಅವಳ ಉಡುಗೆಯಲ್ಲಾಗಲಿ ಮಾತಿನಲ್ಲಾಗಲಿ ವಿಶೇಷವೇನೂ ಕಾಣುವುದಿಲ್ಲ. ಮನೆಗೆ ಬಂದು ಕಾಲು ತೊಳೆಯುವಾಗ ನೆನಪಾಗುತ್ತದೆ: ಅವಳ ಹಲ್ಲು ಬೆಳ್ಳಗಿದ್ದವು. ತಿರುಗಿದ ಪಾದಕ್ಕಿಂತ ಈ ಬಿಳಿ ಹಲ್ಲು ಕಥೆಯಲ್ಲಿ ಹೆಚ್ಚು ಕೆಲಸ ಮಾಡುತ್ತದೆ ಎಂದು ನನ್ನ ನಂಬಿಕೆ, ಏಕೆಂದರೆ ಇದನ್ನು ಕಂಡು ಹೆದರಲು ಆ ಊರಿನಲ್ಲೇ ಬಾಳಿದ ಒಬ್ಬ ಮನುಷ್ಯ ಬೇಕಾಗುತ್ತದೆ.

ದೇಹಕ್ಕೆ ಸಂಬಂಧಿಸಿದ ಓದು ಇಂಥ ಫಲವನ್ನು ಮತ್ತೆ ಮತ್ತೆ ಕೊಡುತ್ತದೆ. ಕೊಳೆತ ಹೂಳಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನಿಲ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಪ್ರಮಾಣ ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿಗೆ ನೂರು ಪಾಲು) ಮೀರಿದರೆ ಮೂಗಿನ ಗ್ರಹಿಕೆಯೇ ಸತ್ತು ವಾಸನೆ ನಿಂತುಹೋಗುತ್ತದೆ. ಮುಚ್ಚಿದ ತೂಬಿನ ಕಾಲುವೆಯೊಳಗೆ ಬಗ್ಗಿದವನು ವಾಸನೆ ಹೋಯಿತೆಂದು ಸಮಾಧಾನಪಡುವ ಗಳಿಗೆಯೇ ಅವನ ಕೊನೆಯ ಗಳಿಗೆಗೆ ಹತ್ತಿರವಾದದ್ದು. ನಮ್ಮ ನಗರಗಳ ಮ್ಯಾನ್‌ಹೋಲುಗಳಲ್ಲಿ ಕಾರ್ಮಿಕರು ಸತ್ತದ್ದರ ಹಿಂದೆಯೂ ಬಹಳ ಸಲ ಇದೇ ಅನಿಲವಿದೆ, ಆದ್ದರಿಂದ ಈ ವಿವರವನ್ನು ಬರೀ ರೋಮಾಂಚನಕ್ಕೆ ಬಳಸಲು ಕೈ ಹಿಂಜರಿಯಬೇಕು. ಹಾಗೆಯೇ, ಮುಳುಗಿದ ದೇಹ ಮೊದಲು ತಳ ಸೇರಿ, ಒಳಗೆ ಅನಿಲ ತುಂಬಿದ ಮೇಲೆ ಮೇಲೇಳುತ್ತದೆ; ನೀರು ಬೆಚ್ಚಗಿದ್ದಷ್ಟೂ ಬೇಗ. ಕೆರೆಯಲ್ಲಿ ಹೆಣ ಹುಡುಕಿ ಅಭ್ಯಾಸವಿರುವ ನೀರಗಂಟಿ ಯಾವಾಗ ಎಲ್ಲಿ ತೇಲೀತು ಎಂದು ಅಂದಾಜು ಹೇಳಬಲ್ಲ, ಮತ್ತು ಅವನ ಅಂದಾಜು ತಪ್ಪುವುದು ಕಥೆಯ ಒಂದು ಘಟ್ಟವಾಗಬಲ್ಲದು.

ಭಯವನ್ನು ಬರೆಯುವಾಗ ಎದೆ ಡವಡವ, ಮೈಯೆಲ್ಲ ಬೆವರು ಎಂಬಲ್ಲಿಗೇ ಲೇಖನಿ ಜಾರುತ್ತದೆ. ಹೆದರಿದ ದೇಹದಲ್ಲಿ ರಕ್ತ ಮಾಂಸಖಂಡಗಳ ಕಡೆಗೆ ಹರಿದು ಬೆರಳ ತುದಿ ತಣ್ಣಗಾಗುತ್ತದೆ, ಬಾಯಿ ಒಣಗುತ್ತದೆ, ಗಮನ ಒಂದೇ ಬಿಂದುವಿಗೆ ಸೊರಗಿ ಸುತ್ತಲಿನದು ಅಳಿಸಿಹೋಗುತ್ತದೆ. ಇದರಲ್ಲಿ ಕಡೆಯದು ಲೇಖಕನಿಗೆ ಅತ್ಯಂತ ಉಪಯುಕ್ತ: ಹೆದರಿದವನಿಗೆ ತೂಬಿನ ಕಂಬವನ್ನು ಹಿಡಿದಿದ್ದ ಆ ಹುಡುಗಿಯ ಕೈಯ ಬಳೆ ಸ್ಪಷ್ಟವಾಗಿ ನೆನಪಿರುತ್ತದೆ, ಅವಳ ಮುಖ ನೆನಪಿರುವುದಿಲ್ಲ. ನಿದ್ದೆಯಿಂದ ಎಚ್ಚರಾಗುವಾಗ ಮನಸ್ಸು ಎದ್ದರೂ ದೇಹ ಕನಸಿನ ಹಂತದ ಜಡತೆಯಲ್ಲೇ ಉಳಿದು, ಎದೆಯ ಮೇಲೆ ಯಾರೋ ಕೂತಂತೆ, ಕೋಣೆಯ ಮೂಲೆಯಲ್ಲಿ ಯಾರೋ ನಿಂತಂತೆ ಅನ್ನಿಸುವ ಅನುಭವವನ್ನೂ ಓದಿಕೊಳ್ಳಿ. ಅದನ್ನು ಪಟ್ಟ ಪರಿಚಿತರು ನಿಮ್ಮ ಸುತ್ತಲೇ ಇರುತ್ತಾರೆ, ಕೇಳಿದರೆ ಹೇಳುತ್ತಾರೆ.

ಸತ್ತವರಿಗೂ ಚರಿತ್ರೆ ಬೇಕು

ದೆವ್ವವೂ ಒಂದು ಪಾತ್ರವೇ. ಅದಕ್ಕೊಂದು ಹುಟ್ಟೂರು, ಅನ್ಯಾಯ, ದಿನಾಂಕ ಬೇಕು. ಈ ವಿಷಯದಲ್ಲಿ ನಮ್ಮ ನೆಲದ ಮೌಖಿಕ ಪರಂಪರೆಗಿಂತ ದೊಡ್ಡ ಗುರು ಇಲ್ಲ. ದೈವಗಳ ಕಥೆ ಹಾಡುವ ತುಳುನಾಡಿನ ಪಾಡ್ದನಗಳಲ್ಲಿ ಕಲ್ಕುಡನು ಮೊದಲು ಒಬ್ಬ ಕಲ್ಲುಕುಟಿಗ. ಕಾರ್ಕಳದ ಗೊಮ್ಮಟನನ್ನು ಕಡೆದವನು. ಇಂಥದ್ದನ್ನು ಇನ್ನೊಂದೆಡೆ ಕಡೆಯಬಾರದೆಂದು ಅರಸನು ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕತ್ತರಿಸಿದ, ತಂಗಿ ಕಲ್ಲುರ್ಟಿ ಅಣ್ಣನನ್ನು ಹುಡುಕಿ ಬಂದಳು, ಇಬ್ಬರೂ ಮಾಯವಾಗಿ ದೈವಗಳಾದರು. ಆ ಗೊಮ್ಮಟ 1432ರಲ್ಲಿ ನಿಂತದ್ದು ಇಂದಿಗೂ ಬೆಟ್ಟದ ಮೇಲಿದೆ. ತಲಕಾಡಿನ ಶಾಪದ ಕಥೆಯಲ್ಲೂ ಹಾಗೆಯೇ: ರಾಜ ಒಡೆಯರು ಶ್ರೀರಂಗಪಟ್ಟಣ ವಶಪಡಿಸಿಕೊಂಡದ್ದು 1610ರಲ್ಲಿ, ಒಡವೆಗಾಗಿ ಬೆನ್ನಟ್ಟಿದಾಗ ಅಲ್ಲಿನ ಹಿಂದಿನ ಆಡಳಿತಗಾರನ ಪತ್ನಿ ಅಲಮೇಲಮ್ಮ ತಲಕಾಡು ಮರಳಾಗಲಿ ಎಂದು ಶಪಿಸಿ ಮಾಲಂಗಿಯ ಮಡುವಿಗೆ ಹಾರಿದಳೆಂಬುದು ಜನರ ಮಾತು, ತಲಕಾಡಿನ ದೇವಾಲಯಗಳನ್ನು ಮುಚ್ಚಿದ ಮರಳು ಕಣ್ಣಿಗೆ ಕಾಣುವ ಸತ್ಯ. ಎರಡರಲ್ಲೂ ಗಮನಿಸಬೇಕಾದ್ದು ಒಂದೇ ಬಗೆಯ ಹೊಲಿಗೆ. ಅಳೆಯಬಹುದಾದ ಒಂದು ವಸ್ತು, ಹೆಸರಿರುವ ಒಂದು ಸ್ಥಳ, ಅಧಿಕಾರದಲ್ಲಿದ್ದವರು ಮಾಡಿದ ಒಂದು ನಿರ್ದಿಷ್ಟ ಅನ್ಯಾಯ. ಆಮೇಲೆ ಮಾತ್ರ ಅಲೌಕಿಕ.

ನಮ್ಮ ಕೆರೆಯ ಹುಡುಗಿಗೆ ಚರಿತ್ರೆ ಹುಡುಕುವಾಗ ನೀರು ನಿಲ್ಲದ ಕೆರೆಗೆ ಹೆಣ್ಣನ್ನು ಬಲಿ ಕೊಟ್ಟ ಕಥೆಗಳು ತಾವಾಗಿ ನೆನಪಿಗೆ ಬರುತ್ತವೆ. ಕೆರೆಗೆ ಹಾರವಾದ ಭಾಗೀರಥಿಯನ್ನು ಶಾಲೆಯಲ್ಲಿ ಓದದ ಕನ್ನಡಿಗರು ಕಡಿಮೆ. ಆದ್ದರಿಂದಲೇ ಅದನ್ನು ಹಾಗೇ ಎತ್ತಿಕೊಳ್ಳುವುದು ಬೇಡ; ಓದುಗನಿಗೆ ಗೊತ್ತಿರುವ ಬಲಿ ಹೆದರಿಸುವುದಿಲ್ಲ. ಅದರ ಬದಲು ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವನ್ನು ತೆರೆದೆ. ಅದು ಕೋಲಾರ ಜಿಲ್ಲೆಯ ಶಾಸನಗಳದ್ದು, 1905ರಲ್ಲಿ ಪ್ರಕಟವಾದದ್ದು. ಕೆರೆ ಕಟ್ಟಿಸಿದವನಿಗೂ ಕಾಯುವವನಿಗೂ ಬಿಟ್ಟ ಭೂಮಿಯನ್ನು ಕಟ್ಟುಕೊಡಗೆ ಎನ್ನುತ್ತಿದ್ದರು. ಇಂಥ ದಾನಶಾಸನಗಳು ಬಹುಮಟ್ಟಿಗೆ ಶಾಪದಿಂದ ಮುಗಿಯುತ್ತವೆ: ಕೊಟ್ಟ ಭೂಮಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಇನಾಮು ಕಳೆದುಕೊಂಡ ನೀರಗಂಟಿ, ಕೊಳಚೆ ನೀರು ತುಂಬಿದ ಕೆರೆ, ಮಲದ ಹುಳುವಿನ ಶಾಪ ಈ ಮೂರೂ ಒಂದೇ ಏರಿಯ ಮೇಲೆ ಬಂದು ನಿಂತಾಗ, ಹುಡುಗಿ ಬಲಿಯಾದವಳಾಗಿರಬೇಕಿಲ್ಲ ಎಂದು ತಿಳಿಯಿತು. ಅವಳು ಮುನಿವೆಂಕಟಪ್ಪನ ಅಕ್ಕ. ಅಪ್ಪನ ಬದಲು ತೂಬಿಗೆ ಇಳಿದು ಬಿರಡೆಯ ಬುಡದಲ್ಲಿ ಸಿಕ್ಕಿಕೊಂಡವಳು. ಆ ದಿನ ನೀರು ನಿಲ್ಲಿಸಲು ಒಪ್ಪದ ಜಮೀನುದಾರನ ಮನೆ ಇಂದಿಗೂ ಊರಿನಲ್ಲಿದೆ. ಅಪ್ಪ ಮಗನಿಗೆ ಆ ಮಾತನ್ನು ಒಮ್ಮೆಯೂ ಹೇಳಿಲ್ಲ.

ಇಸವಿಯ ಬಗ್ಗೆ ಇನ್ನೊಂದು ಎಚ್ಚರಿಕೆ. ಕಥೆಯಲ್ಲಿ ಹೆಣ ಸಿಕ್ಕರೆ ಪೊಲೀಸರು ಬರುತ್ತಾರೆ, ಅಸಹಜ ಸಾವಿನ ಪ್ರಕರಣ ದಾಖಲಾಗುತ್ತದೆ, ಠಾಣೆಯವರು ಅದನ್ನು ಯುಡಿಆರ್ ಎನ್ನುತ್ತಾರೆ. 2019ರಲ್ಲಾದರೆ ಅದು ಆಗಿನ ದಂಡ ಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿಯ 174ನೇ ಕಲಮು. 2024ರ ಜುಲೈ 1ರ ನಂತರವಾದರೆ ಹೊಸದಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನು, ಕಟ್ಟಿಹಾಕುವುದನ್ನು ಅಪರಾಧವಾಗಿಸಿದ 2017ರ ಕಾಯ್ದೆ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ನಮ್ಮ ಕಥೆಯ ಮಂತ್ರವಾದಿಗೆ ಅದರ ಅಂಜಿಕೆ ಇನ್ನೂ ಇಲ್ಲ.

ಕೇಳುವ ಬಗೆ

ಓದಿನಿಂದ ಸಿಗದ್ದು ಮಾತಿನಿಂದ ಸಿಗುತ್ತದೆ, ಆದರೆ ಕೇಳುವುದಕ್ಕೊಂದು ಮರ್ಯಾದೆ ಇದೆ. ಒಬ್ಬ ಹಿರಿಯರ ಮುಂದೆ ಕೂತು "ದೆವ್ವ ನೋಡಿದ್ದೀರಾ" ಎಂದರೆ ಅವರು ನಕ್ಕುಬಿಡುತ್ತಾರೆ, ಇಲ್ಲವೇ ನಿಮ್ಮನ್ನು ಮೆಚ್ಚಿಸಲು ಟಿವಿಯಲ್ಲಿ ಕಂಡ ಕಥೆಯನ್ನು ಒಪ್ಪಿಸುತ್ತಾರೆ. "ಯಜಮಾನ್ರೇ, ತೂಬು ಎತ್ತೋಕೆ ನೀರಿಗೆ ಇಳಿಯೋ ಮುಂಚೆ ಏನು ಮಾಡ್ತಿದ್ರಿ" ಎಂದು ಕೇಳಿ ನೋಡಿ. ಗಂಗಮ್ಮನಿಗೆ ಕೈ ಮುಗಿಯುವುದರಿಂದ ಹಿಡಿದು, ಸೊಂಟಕ್ಕೆ ಹಗ್ಗ ಕಟ್ಟುವುದು, ಒಬ್ಬರೇ ಇಳಿಯಬಾರದ ಹೊತ್ತು, ನೀರಿನಲ್ಲಿ ಹೆಸರು ಹಿಡಿದು ಕೂಗಬಾರದೆಂಬ ಕಟ್ಟಳೆ, ಇಂಥವು ಒಂದೊಂದಾಗಿ ಹೊರಬರುತ್ತವೆ. ಕೆಲಸದ ಕ್ರಮವನ್ನು ಕೇಳಿದರೆ ಭಯ ಅದರ ಜೊತೆಗೇ ಬರುತ್ತದೆ. ಹೇಳಿದ್ದನ್ನು ಯಥಾವತ್ತಾಗಿ ಬರೆದುಕೊಳ್ಳಿ, ಆದರೆ ಹೇಳಿದವರ ಮನೆಯ ಸಾವನ್ನು ಕಥೆಗೆ ಎತ್ತಿಕೊಳ್ಳಬೇಡಿ.

ಪದಗಳನ್ನೂ ಅಲ್ಲಿಂದಲೇ ತನ್ನಿ. ಮಂಗಳೂರು ಸೀಮೆಯಲ್ಲಿ ಭೂತ ಎಂದರೆ ಕೋಲ ಕಟ್ಟಿಸಿಕೊಂಡು ನ್ಯಾಯ ಹೇಳುವ ಆರಾಧ್ಯ ದೈವ, ಬಯಲುಸೀಮೆಯಲ್ಲಿ ಅದೇ ಪದ ಪೀಡೆ. ಕೋಲಾರದ ಹಳ್ಳಿಯಲ್ಲಿ ದೆವ್ವ ಬಂತು ಎನ್ನುವುದಕ್ಕಿಂತ "ಗಾಳಿ ಸೋಕಿದೆ" ಎನ್ನುವುದೇ ಹೆಚ್ಚು, ಮತ್ತು ಅದಕ್ಕೆ ಅಂತ್ರ, ಅಂದರೆ ಮಂತ್ರಿಸಿದ ತಾಯಿತ, ಕಟ್ಟಿಸುತ್ತಾರೆ. ಅಲ್ಲಿ ಎಷ್ಟೋ ಮನೆಗಳಲ್ಲಿ ಕನ್ನಡದ ಜೊತೆ ತೆಲುಗೂ ನಡೆಯುತ್ತದೆ. ಬೆಚ್ಚಿದಾಗ ಬಾಯಿಂದ ಹೊರಡುವುದು ತಾಯಿಯಿಂದ ಮೊದಲು ಕಲಿತ ಮಾತು. ಹಗಲೆಲ್ಲ ಕನ್ನಡ ಆಡುವ ಮುನಿವೆಂಕಟಪ್ಪನಿಗೆ ಕೆರೆಯ ದನಿ ತೆಲುಗಿನಲ್ಲಿ, ಅದೂ ಅವನ ಅವ್ವ ಮಾತ್ರ ಕರೆಯುತ್ತಿದ್ದ ಚಿಕ್ಕ ಹೆಸರಿನಲ್ಲಿ ಕರೆದರೆ ಸಾಕು. ಅಲ್ಲಿ ಬೇರೆ ವರ್ಣನೆ ಬೇಡ. 1990ರ ದಶಕದಲ್ಲಿ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದ ಊರುಗಳಲ್ಲಿ ಹಬ್ಬಿದ್ದ ಸುದ್ದಿಯೂ ಪರಿಚಿತರ ದನಿಯಲ್ಲಿ ಕರೆಯುವ ದೆವ್ವದ್ದೇ ಎಂಬುದು ಇಲ್ಲಿ ನೆನಪಾಗದಿರದು.

ಜಾತಿಯ ಮಾತನ್ನು ತಪ್ಪಿಸಿಕೊಂಡು ಈ ಪಾತ್ರವನ್ನು ಬರೆಯಲಾಗುವುದಿಲ್ಲ. ಕೋಲಾರದ ಕಡೆ ನೀರಗಂಟಿಗಳು ಹೆಚ್ಚಾಗಿ ದಲಿತ ಕುಟುಂಬದವರು. ಊರಿನ ಗದ್ದೆಗೆಲ್ಲ ನೀರು ಹಂಚಿದವನಿಗೆ ಊರ ಬಾವಿಯಲ್ಲಿ ಕೊಡ ಅದ್ದುವ ಹಕ್ಕಿರಲಿಲ್ಲ. ಅವನನ್ನು ಮೂಢನಂಬಿಕೆಯ ಮುದುಕನಾಗಿ, ನಗರದಿಂದ ಬಂದ ನಾಯಕನಿಗೆ ಎಚ್ಚರಿಕೆ ಕೊಟ್ಟು ಎರಡನೆಯ ಅಧ್ಯಾಯದಲ್ಲಿ ಸಾಯುವವನಾಗಿ ಬಳಸುವುದು ಸೋಮಾರಿತನ, ಅದಕ್ಕಿಂತ ಕೆಟ್ಟದ್ದು ಕೂಡ. ಮಾನಸಿಕ ಕಾಯಿಲೆಯ ವಿಷಯದಲ್ಲೂ ಇದೇ ಮಾತು: ಕಾಯಿಲೆಯವರನ್ನು ಕೊಲೆಗಡುಕರಾಗಿ ತೋರಿಸುವ ಹಳೆಯ ಚಾಳಿಯನ್ನು ಬಿಡಲು ಆ ಕಾಯಿಲೆಯ ಬಗ್ಗೆ ಒಂದು ಸಂಜೆ ಓದಿದರೂ ಸಾಕಾಗುತ್ತದೆ.

ಕಡೆಯದಾಗಿ, ಕೂಡಿಸಿದ್ದನ್ನು ಎಷ್ಟು ಬಳಸಬೇಕು ಎಂಬ ಪ್ರಶ್ನೆ. ಮುನಿವೆಂಕಟಪ್ಪನ ಬಗ್ಗೆ ನನ್ನ ಬಳಿ ನಲವತ್ತು ಪುಟದ ಟಿಪ್ಪಣಿ ಇದ್ದರೆ ಕಥೆಯಲ್ಲಿ ನೇರವಾಗಿ ಕಾಣಬೇಕಾದದ್ದು ಎರಡು ಪುಟದಷ್ಟು. ಅವನಿಗೆ ಗೊತ್ತಿಲ್ಲದ ಪದ ಅವನ ತಲೆಯೊಳಗಿನ ವಾಕ್ಯಗಳಲ್ಲಿ ಬರಬಾರದು. ಫ್ಲೋರೈಡ್ ಎಂಬ ಮಾತನ್ನು ಬೇಕಾದರೆ ಮಗ ಆಡಲಿ, ಅಪ್ಪನಿಗೆ ಅದು ಬೋರ್ ನೀರಿನ ಹಲ್ಲು. ಕರಡು ಮುಗಿದ ಮೇಲೆ ಆ ಕಸುಬು ಬಲ್ಲ ಒಬ್ಬರಿಗೆ ದೆವ್ವದ ಭಾಗವನ್ನು ಬಿಟ್ಟು ಉಳಿದದ್ದನ್ನಷ್ಟೇ ಓದಿ ಹೇಳಿ, ತಪ್ಪು ಕೇಳಿಸಿದಲ್ಲಿ ತಡೆಯುವಂತೆ ಕೋರಿ. ಅವರು ತಡೆಯದೆ ಕೇಳುತ್ತಾ ಹೋಗಿ, ಹುಡುಗಿ ಇನ್ನೂ ಕಥೆಯೊಳಗೆ ಬರುವ ಮುನ್ನವೇ "ಆ ಹೊತ್ತಲ್ಲಿ ಇವನು ಒಬ್ಬನೇ ಇಳಿಯಬಾರದಿತ್ತು" ಎಂದು ತಾವಾಗಿ ಅಂದರೆ, ದೆವ್ವದ ಭಾಗವನ್ನು ಬರೆಯಲು ಕೂರಬಹುದು.